ವರ್ಮೀರ್‌ನ ಹುಡುಗಿಯನ್ನು ನಕಲು ಮಾಡುತ್ತಾ ತೈಲವರ್ಣ ಕಲಿಯುವುದು ಹೇಗೆ?

"ಪೆನ್ಸಿಲ್ ಶೇಡಿಂಗ್ ಬರುತ್ತೆ, ಜಲವರ್ಣ ಸ್ವಲ್ಪ ಗೊತ್ತು. ಆಯಿಲ್ ಪೇಂಟಿಂಗ್ ಎಲ್ಲಿಂದ ಶುರು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯಾವುದಾದರೂ ಒಳ್ಳೆಯ ಮುಖಚಿತ್ರವನ್ನು ನಕಲು ಮಾಡಿ ಎಂದರೆ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: "ಬೇರೆಯವರ ಚಿತ್ರ ನೋಡಿ ಬರೆಯುವುದು ತಪ್ಪಲ್ವಾ?"

ತಪ್ಪಲ್ಲ. ಯುರೋಪಿನ ಚಿತ್ರಶಾಲೆಗಳಲ್ಲಿ ಶಿಷ್ಯರು ನೂರಾರು ವರ್ಷ ಕಲಿತದ್ದೇ ಹೀಗೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಇವತ್ತಿಗೂ ಈಸೆಲ್ ಇಟ್ಟುಕೊಂಡು ನಕಲು ಮಾಡುವವರಿಗೆ ಅನುಮತಿ ಕೊಡುತ್ತದೆ. ನಕಲಿನ ಅಳತೆ ಮಾತ್ರ ಮೂಲದ ಅಳತೆಗೆ ಸಮ ಇರಬಾರದು. ನಮ್ಮಲ್ಲಿ ಕಲಾವಿದ ತೀರಿಕೊಂಡು 60 ವರ್ಷ ದಾಟಿದ ಮೇಲೆ ಚಿತ್ರದ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಹಳೆಯ ಕಲಾವಿದರನ್ನು ಆರಿಸಿಕೊಂಡರೆ ಆ ಚಿಂತೆಯೂ ಇಲ್ಲ. ನಕಲನ್ನು ನಕಲು ಎಂದೇ ಹೇಳಬೇಕು, ಅಷ್ಟೇ.

ಯಾವ ಚಿತ್ರ?

ಮೊದಲ ನಕಲಿಗೆ ನಾನು ಹೇಳುವುದು ಯೊಹಾನೆಸ್ ವರ್ಮೀರ್ ಸುಮಾರು 1665ರಲ್ಲಿ ಬರೆದ 'ಮುತ್ತಿನ ಓಲೆಯ ಹುಡುಗಿ'. ವರ್ಮೀರ್ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನವನು, 1675ರಲ್ಲಿ ತೀರಿಕೊಂಡ. ಚಿತ್ರ ಈಗ ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. 1881ರಲ್ಲಿ ಇದೇ ಚಿತ್ರ ಹರಾಜಿನಲ್ಲಿ ಎರಡು ಗಿಲ್ಡರ್ (ಆಗಿನ ಡಚ್ ನಾಣ್ಯ) ಚಿಲ್ಲರೆಗೆ ಮಾರಾಟವಾಗಿತ್ತು ಎಂದರೆ ಇವತ್ತು ನಂಬುವುದು ಕಷ್ಟ.

ಇದು ಗೊತ್ತಿರುವ ಒಬ್ಬ ವ್ಯಕ್ತಿಯ ಭಾವಚಿತ್ರ ಅಲ್ಲ. ಆ ಕಾಲದ ಡಚ್ಚರು 'ಟ್ರೋನಿ' ಎನ್ನುತ್ತಿದ್ದ ಬಗೆಯದು. ಅಂದರೆ ಒಂದು ಮುಖ, ಒಂದು ಉಡುಪು, ಒಂದು ಬೆಳಕು ಇಟ್ಟುಕೊಂಡು ಮಾಡಿದ ಅಧ್ಯಯನ. ಕಲಿಯುವವರಿಗೆ ಇದಕ್ಕಿಂತ ಹೊಂದುವ ಚಿತ್ರ ಸಿಗುವುದು ಕಷ್ಟ. ಬೆಳಕು ಎಡಗಡೆಯಿಂದ ಮಾತ್ರ ಬರುತ್ತಿದೆ. ಹಿನ್ನೆಲೆ ಕಪ್ಪು. ಕೈಗಳಿಲ್ಲ. ಬಣ್ಣಗಳೂ ಕಡಿಮೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಚಿತ್ರವನ್ನು ನಕಲು ಮಾಡಬಹುದಾ ಎಂದು ಹಲವರು ಕೇಳುತ್ತಾರೆ. ಎಸ್. ಎಲ್. ಹಲ್ದಂಕರ್ ಅವರ ಆ ಚಿತ್ರ ಜಲವರ್ಣ, ತೈಲವರ್ಣವಲ್ಲ. ಜಲವರ್ಣದಲ್ಲಿ ಬೆಳಕು ಕಾಗದದ ಬಿಳುಪಿನಿಂದ ಬರುತ್ತದೆ. ಎಣ್ಣೆಯಲ್ಲಿ ಬಿಳಿ ಬಣ್ಣವನ್ನೇ ಹಚ್ಚಿ ಬೆಳಕು ತರಬೇಕು. ಎರಡರ ದಾರಿಯೇ ಬೇರೆ. ಎಣ್ಣೆ ಕಲಿಯಲು ಎಣ್ಣೆಯಲ್ಲಿ ಬರೆದದ್ದನ್ನೇ ನಕಲು ಮಾಡಿ.

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂರಲಿ. ಈ ನಕಲಿನಿಂದ ನೀವು ಕಲಿಯಬೇಕಾದದ್ದು ಟೋನ್. ಟೋನ್ ಅಂದರೆ ಒಂದು ಜಾಗ ಎಷ್ಟು ಕಪ್ಪು, ಎಷ್ಟು ಬೆಳ್ಳಗೆ ಎನ್ನುವ ಲೆಕ್ಕ. ಟೋನ್ ಸರಿಯಿದ್ದರೆ ಬಣ್ಣ ಸ್ವಲ್ಪ ಆಚೀಚೆ ಆದರೂ ಮುಖ ಮುಖವಾಗಿಯೇ ಕಾಣುತ್ತದೆ. ಟೋನ್ ತಪ್ಪಿದರೆ ಎಷ್ಟು ದುಬಾರಿ ಬಣ್ಣ ತಂದರೂ ಮುಖ ಚಪ್ಪಟೆ. ಮುಂದಿನ ಎಲ್ಲ ಹಂತಗಳೂ ಇದರ ಸುತ್ತಲೇ ಸುತ್ತುತ್ತವೆ.

ಏನೇನು ಬೇಕು?

ಬಣ್ಣಗಳು ಒಂಬತ್ತು ಸಾಕು: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್, ಬರ್ನ್ಟ್ ಸಿಯೆನಾ, ರಾ ಅಂಬರ್, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಕ್ಯಾಮೆಲ್‌ನಂಥ ನಮ್ಮಲ್ಲೇ ಸಿಗುವ ಬ್ರ್ಯಾಂಡ್ ಸಾಕು. ಬಿಳಿ ಮಾತ್ರ ದೊಡ್ಡ ಟ್ಯೂಬ್ ತನ್ನಿ, ಬೇಗ ಖಾಲಿಯಾಗುವುದು ಅದೇ. 'ಸ್ಕಿನ್ ಟಿಂಟ್', 'ಫ್ಲೆಶ್ ಟಿಂಟ್' ಎಂದು ಬರೆದ ಟ್ಯೂಬ್ ತರಬೇಡಿ. ಮೈಬಣ್ಣ ಬೆರೆಸುವುದನ್ನು ಕಲಿಯಲೆಂದೇ ಈ ಚಿತ್ರ ಬರೆಯುತ್ತಿದ್ದೀರಿ.

ವರ್ಮೀರ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ನಮಗೆ ಬೇಡ. ಅವನ ಅಲ್ಟ್ರಾಮರೀನ್ ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲನ್ನು ಪುಡಿ ಮಾಡಿ ತೆಗೆದದ್ದು. ಆ ಕಲ್ಲು ಬರುತ್ತಿದ್ದದ್ದು ಈಗಿನ ಅಫ್ಘಾನಿಸ್ತಾನದ ಗಣಿಗಳಿಂದ. ಇವತ್ತಿನ ಟ್ಯೂಬಿನಲ್ಲಿರುವುದು ಕಾರ್ಖಾನೆಯ ಅಲ್ಟ್ರಾಮರೀನ್. ಕಲಿಕೆಗೆ ಏನೂ ಕೊರತೆ ಆಗುವುದಿಲ್ಲ.

ಬ್ರಶ್: ಗಟ್ಟಿ ಕೂದಲಿನ ಚಪ್ಪಟೆ ಬ್ರಶ್ ಎರಡು (ಒಂದು ಅಗಲ, ಒಂದು ಮಧ್ಯಮ), ತುದಿ ದುಂಡಗಿರುವ ಚಪ್ಪಟೆ ಬ್ರಶ್ ಎರಡು, ಮೆತ್ತಗಿನ ಸಿಂಥೆಟಿಕ್ ರೌಂಡ್ ಬ್ರಶ್ ಎರಡು. ಅಂಚು ಮೃದು ಮಾಡಲು ಒಣಗಿದ, ಮೆತ್ತನೆಯ ಅಗಲ ಬ್ರಶ್ ಒಂದು. ಜೊತೆಗೆ ಪ್ಯಾಲೆಟ್ ನೈಫ್, ಹಳೆ ಕಾಟನ್ ಬಟ್ಟೆ, ಮುಚ್ಚಳ ಇರುವ ಗಾಜಿನ ಸೀಸೆ.

ಎಣ್ಣೆ: ಕಲಾವಿದರಿಗೆಂದೇ ಶುದ್ಧ ಮಾಡಿದ ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ. ಇದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಾಕಿದರೆ ಚಿತ್ರ ಯಾವತ್ತೂ ಒಣಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲು-ಕಿಟಕಿಗೆಂದು ಮಾರುವ ಕುದಿಸಿದ ಲಿನ್ಸೀಡ್ ಕೂಡ ಬೇಡ, ಬೇಗ ಕಪ್ಪಾಗುತ್ತದೆ. ಬಣ್ಣ ತೆಳು ಮಾಡಲು ಟರ್ಪಂಟೈನ್ ಬೇಕು. ಸೀಮೆಎಣ್ಣೆ ಬೇಡ.

ಕ್ಯಾನ್ವಾಸ್: ಮೂಲ ಚಿತ್ರದ ಅಳತೆ 44.5 × 39 ಸೆಂ.ಮೀ. ನೀವು 16 × 14 ಇಂಚು ತೆಗೆದುಕೊಳ್ಳಿ. ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ, ಮೂಲಕ್ಕಿಂತ ಸ್ವಲ್ಪ ಚಿಕ್ಕದೂ ಆಗುತ್ತದೆ. ಅಂಗಡಿಯಲ್ಲಿ ಈ ಅಳತೆ ಇಲ್ಲ ಎಂದರೆ 16 × 20ರ ಕ್ಯಾನ್ವಾಸ್ ಬೋರ್ಡ್ ತಂದು, 16 × 14ರ ಚೌಕಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಉಳಿದ ಜಾಗ ಬಣ್ಣ ಪರೀಕ್ಷೆ ಮಾಡಲು ಬರುತ್ತದೆ. 'ಪ್ರೈಮ್ಡ್' ಎಂದು ಬರೆದಿರುವ ಕ್ಯಾನ್ವಾಸನ್ನೇ ಕೇಳಿ. ಅಂದರೆ ಬಟ್ಟೆ ಎಣ್ಣೆ ಹೀರದ ಹಾಗೆ ಮೊದಲೇ ಬಿಳಿ ಲೇಪ ಹಾಕಿರುತ್ತಾರೆ. ಲೇಪ ಇಲ್ಲದ ಬಟ್ಟೆಯನ್ನು ಎಣ್ಣೆ ವರ್ಷಗಳಲ್ಲಿ ತಿಂದುಹಾಕುತ್ತದೆ.

ಮೊದಲು ಸುರಕ್ಷತೆ

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಟರ್ಪಂಟೈನ್ ಇರುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಇರಬಾರದು. ಕಿಟಕಿ ತೆರೆದಿರಲಿ, ಸೀಸೆಯ ಮುಚ್ಚಳ ಹಾಕಿರಲಿ. ಬಳಸಿದ ಟರ್ಪಂಟೈನನ್ನು ಸಿಂಕಿಗೆ ಸುರಿಯಬೇಡಿ. ಒಂದೆರಡು ದಿನ ಬಿಟ್ಟರೆ ಕೆಸರು ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ, ಅದನ್ನು ಬಸಿದು ಮತ್ತೆ ಬಳಸಬಹುದು. ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ವಾಸನೆಗೆ ತಲೆನೋವು ಬರುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಟರ್ಪಂಟೈನ್ ಇಲ್ಲದೆಯೂ ಕೆಲಸ ಮಾಡಬಹುದು. ಬ್ರಶ್ಶನ್ನು ಲಿನ್ಸೀಡ್‌ನಲ್ಲಿ ಅದ್ದಿ ಒರೆಸಿ, ಆಮೇಲೆ ಬಟ್ಟೆ ಸೋಪಿನಲ್ಲಿ ತೊಳೆಯಿರಿ.

ಹಂತ 1: ಎರಡು ಪ್ರಿಂಟ್ ತೆಗೆಸಿ

ಮಾರಿಟ್ಸ್‌ಹೌಸ್ ತನ್ನ ವೆಬ್‌ಸೈಟಿನಲ್ಲೇ ಚಿತ್ರದ ದೊಡ್ಡ ಫೈಲ್ ಕೊಡುತ್ತದೆ. ಅಲ್ಲಿಂದಲೇ ತೆಗೆದುಕೊಳ್ಳಿ. ಎಲ್ಲೆಲ್ಲೋ ಸಿಗುವ ಪ್ರತಿಗಳಲ್ಲಿ ಬಣ್ಣವನ್ನು ಗಾಢ ಮಾಡಿರುತ್ತಾರೆ. A3 ಅಳತೆಯಲ್ಲಿ ಒಂದು ಕಲರ್ ಪ್ರಿಂಟ್, ಒಂದು ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ. ಹೊಳಪಿಲ್ಲದ ಕಾಗದ ಒಳ್ಳೆಯದು.

ಮೊಬೈಲ್ ನೋಡಿಕೊಂಡೇ ಬರೆಯಬಹುದಲ್ವಾ ಎಂದರೆ, ಬೇಡ. ಸ್ಕ್ರೀನ್ ಹಿಂದಿನಿಂದ ಬೆಳಗುತ್ತದೆ, ಕ್ಯಾನ್ವಾಸ್ ಬೆಳಗುವುದಿಲ್ಲ. ಸ್ಕ್ರೀನಿನ ಬಿಳುಪನ್ನು ಹಿಡಿಯಲು ಹೋಗಿ ಬಿಳಿ ಬಣ್ಣ ಸುರಿಯುತ್ತೀರಿ, ಮುಖ ಸುಣ್ಣ ಬಳಿದ ಹಾಗೆ ಆಗುತ್ತದೆ. ಮೊಬೈಲನ್ನು ಕಣ್ಣು, ತುಟಿಯನ್ನು ದೊಡ್ಡದು ಮಾಡಿ ನೋಡಲು ಮಾತ್ರ ಇಟ್ಟುಕೊಳ್ಳಿ.

ಪ್ರಿಂಟಿಗೂ ಕ್ಯಾನ್ವಾಸಿಗೂ ಒಂದೇ ಬೆಳಕು ಬೀಳುವ ಹಾಗೆ ಪಕ್ಕಪಕ್ಕ ನಿಲ್ಲಿಸಿ. ಹಗಲಿನಲ್ಲಿ ನೇರ ಬಿಸಿಲು ಬೀಳದ ಕಿಟಕಿ ಸಾಕು. ರಾತ್ರಿಯಾದರೆ ಬಿಳಿ ಬಲ್ಬ್, ಹಳದಿ ಬಲ್ಬ್ ಬೇಡ.

ಹಂತ 2: ಬಿಳಿ ಕ್ಯಾನ್ವಾಸಿಗೆ ಬಣ್ಣದ ನೆಲ

ಅಪ್ಪಟ ಬಿಳಿಯ ಮೇಲೆ ಯಾವ ಬಣ್ಣ ಹಚ್ಚಿದರೂ ಕಪ್ಪಾಗಿಯೇ ಕಾಣುತ್ತದೆ, ಟೋನ್ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ಇಡೀ ಕ್ಯಾನ್ವಾಸಿಗೆ ಒಂದು ತೆಳು ಮಣ್ಣಿನ ಬಣ್ಣ ಕೊಡಿ. ರಾ ಅಂಬರ್, ಸ್ವಲ್ಪ ಓಕರ್, ಜಾಸ್ತಿ ಟರ್ಪಂಟೈನ್ ಬೆರೆಸಿ ಹಚ್ಚಿ, ಬಟ್ಟೆಯಿಂದ ಒರೆಸಿ. ಕಪ್ಪು-ಬಿಳುಪಿನ ನಡುವೆ, ಕೊಂಚ ಬಿಳಿಯ ಕಡೆಗೆ ಇದ್ದರೆ ಸರಿ. ಎರಡು ದಿನ ಒಣಗಲು ಬಿಡಿ. ಅವಸರವಿದ್ದರೆ ಇದೇ ಬಣ್ಣವನ್ನು ಅಕ್ರಿಲಿಕ್‌ನಲ್ಲಿ ಹಚ್ಚಬಹುದು. ಅಕ್ರಿಲಿಕ್ ಮೇಲೆ ಎಣ್ಣೆ ಕೂರುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಕೂರುವುದಿಲ್ಲ.

ಹಂತ 3: ರೇಖೆ

ಪ್ರಿಂಟಿನ ಮೇಲೆ ಚಿತ್ರವನ್ನು ಅಡ್ಡಕ್ಕೆ 7, ಉದ್ದಕ್ಕೆ 8 ಭಾಗ ಮಾಡಿ ಗೆರೆ ಎಳೆಯಿರಿ. ಕ್ಯಾನ್ವಾಸಿನಲ್ಲೂ ಹಾಗೆಯೇ, ಅಲ್ಲಿ ಒಂದೊಂದು ಚೌಕ ಸರಿಯಾಗಿ 2 ಇಂಚು ಬರುತ್ತದೆ. ಇದ್ದಿಲು ಕಡ್ಡಿಯಿಂದ ಮೆಲ್ಲಗೆ ಬರೆಯಿರಿ. ಪೆನ್ಸಿಲ್ ಗೆರೆ ತೆಳು ಎಣ್ಣೆಬಣ್ಣದೊಳಗಿಂದ ಮುಂದೊಂದು ದಿನ ಇಣುಕಬಹುದು.

ಪ್ರೊಜೆಕ್ಟರ್ ಹಾಕಿ ಗೆರೆ ಎಳೆದುಕೊಂಡರೆ ಆಗದಾ? ಆಗುತ್ತದೆ, ಆದರೆ ಕಣ್ಣಿಗೆ ಅಭ್ಯಾಸ ಆಗುವುದಿಲ್ಲ. ಚೌಕಗಳಾದರೆ ಪ್ರತಿ ಗೆರೆಯ ಓರೆಯನ್ನು ನೀವೇ ನೋಡಿ ತೀರ್ಮಾನ ಮಾಡಬೇಕಾಗುತ್ತದೆ.

ಈ ಚಿತ್ರದಲ್ಲಿ ಎಲ್ಲರೂ ತಪ್ಪುವ ಜಾಗ ಎರಡು. ಒಂದು, ಎರಡು ಕಣ್ಣುಗಳನ್ನು ಸೇರಿಸುವ ಗೆರೆ. ತಲೆ ಸ್ವಲ್ಪ ವಾಲಿದೆ, ಆ ಗೆರೆ ಮಟ್ಟಸವಾಗಿಲ್ಲ. ನಾವು ಗೊತ್ತಿಲ್ಲದೆ ಅದನ್ನು ನೇರ ಮಾಡಿಬಿಡುತ್ತೇವೆ, ತಿರುಗಿ ನೋಡುತ್ತಿರುವ ಆ ಭಾವವೇ ಹೊರಟುಹೋಗುತ್ತದೆ. ಎರಡು, ದೂರದ ಕಣ್ಣು. ಮುಖ ಆಚೆ ತಿರುಗಿರುವುದರಿಂದ ಎಡಗಡೆಯ ಕಣ್ಣು ಕಿರಿದಾಗಿ ಕಾಣಬೇಕು. ಎರಡನ್ನೂ ಒಂದೇ ಅಳತೆಗೆ ಬರೆಯುವುದು ತುಂಬಾ ಸಾಮಾನ್ಯ.

ರೇಖೆ ಮುಗಿದ ಮೇಲೆ ಪ್ರಿಂಟನ್ನೂ ಕ್ಯಾನ್ವಾಸನ್ನೂ ತಲೆಕೆಳಗೆ ಮಾಡಿ ಹೋಲಿಸಿ. ಕನ್ನಡಿಯಲ್ಲೂ ನೋಡಿ. ತಪ್ಪು ಕಣ್ಣಿಗೆ ಹೊಡೆಯುತ್ತದೆ. ತಿದ್ದಲು ಹಿಂಜರಿಯಬೇಡಿ. ಮ್ಯೂಸಿಯಂನವರು ಸ್ಕ್ಯಾನ್ ಮಾಡಿ ನೋಡಿದಾಗ ವರ್ಮೀರ್ ಕೂಡ ಕಿವಿಯ ಜಾಗ, ರುಮಾಲಿನ ಮೇಲ್ಭಾಗ, ಕತ್ತಿನ ಹಿಂಭಾಗ ಬದಲಿಸಿದ್ದು ಕಂಡಿದೆ. ಆಮೇಲೆ ಇದ್ದಿಲಿನ ಪುಡಿ ಕೊಡವಿ, ಉಳಿದ ಮಸುಕು ಗೆರೆಯ ಮೇಲೆ ತೆಳು ರಾ ಅಂಬರ್‌ನಿಂದ ಬರೆದುಕೊಳ್ಳಿ.

ಹಂತ 4: ಕಂದು ಬಣ್ಣದಲ್ಲಿ ಇಡೀ ಚಿತ್ರ

ಈ ಹಂತದಲ್ಲೇ ನಕಲು ಗೆಲ್ಲುವುದು ಅಥವಾ ಸೋಲುವುದು. ಇದಕ್ಕೆ ಅಂಡರ್‌ಪೇಂಟಿಂಗ್ ಎನ್ನುತ್ತಾರೆ. ಅಂದರೆ ಬಣ್ಣದ ಕೆಳಗೆ ಇರುವ, ಒಂದೇ ವರ್ಣದ ಪೂರ್ತಿ ಚಿತ್ರ. ವರ್ಮೀರ್ ಕೂಡ ಈ ಹುಡುಗಿಯನ್ನು ಮೊದಲು ಕಂದು, ಕಪ್ಪು ಬಣ್ಣಗಳಲ್ಲಿ ಮೂಡಿಸಿಕೊಂಡಿದ್ದ. ಬಹಳ ಜನ ಬಣ್ಣ ಹಚ್ಚುವ ಆಸೆಗೆ ಇದನ್ನು ಅರ್ಧಕ್ಕೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮೊದಲು ಟೋನ್ ಪಟ್ಟಿ ಮಾಡಿಕೊಳ್ಳಿ. ಒಂದು ಕಾಗದದ ಮೇಲೆ ಐದು ಚೌಕ: ಕಪ್ಪು, ಗಾಢ, ನಡು, ತಿಳಿ, ಬಿಳುಪು. ಇದನ್ನು ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಇಟ್ಟು ನೋಡಿ. ಹಿನ್ನೆಲೆ ಮೊದಲನೆಯದು. ಕತ್ತಿನ ನೆರಳು ಎರಡನೆಯದರ ಹತ್ತಿರ. ಹಣೆ, ಮೂಗು ನಾಲ್ಕನೆಯದು. ಐದನೆಯದು ಕಾಲರ್, ಕಣ್ಣಿನ ಮಿಂಚು, ಮುತ್ತಿನ ಮಿಂಚು, ಅಷ್ಟೇ. ಹಣೆಗೆ ಐದನೆಯದನ್ನು ಕೊಟ್ಟುಬಿಟ್ಟರೆ ಮುತ್ತಿಗೆ ಕೊಡಲು ಏನೂ ಉಳಿಯುವುದಿಲ್ಲ.

ಈಗ ಕಣ್ಣು ಅರ್ಧ ಮುಚ್ಚಿ ಪ್ರಿಂಟ್ ನೋಡಿ. ರೆಪ್ಪೆ, ತುಟಿಯ ಮಡಿಕೆಗಳೆಲ್ಲ ಕರಗಿ ಎರಡೇ ಆಕಾರ ಉಳಿಯುತ್ತವೆ: ಬೆಳಕಿನದು ಒಂದು, ನೆರಳಿನದು ಒಂದು. ಬಲಗೆನ್ನೆ ಕಿವಿಯ ಕಡೆಗೆ ತಿರುಗುವ ಜಾಗ, ದವಡೆಯ ಕೆಳಭಾಗ, ಕತ್ತು ಎಲ್ಲ ಸೇರಿ ಒಂದೇ ನೆರಳು. ರಾ ಅಂಬರನ್ನು ಸ್ವಲ್ಪ ಟರ್ಪಂಟೈನ್‌ನಲ್ಲಿ ತೆಳು ಮಾಡಿ ಆ ನೆರಳನ್ನು ಒಂದೇ ಆಕಾರವಾಗಿ ತುಂಬಿ. ಹಿನ್ನೆಲೆ ತುಂಬಿ. ರುಮಾಲಿನ ನೆರಳು, ಅಂಗಿಯ ನೆರಳು ತುಂಬಿ. ಬೆಳಕಿನ ಭಾಗದಲ್ಲಿ ಬಣ್ಣ ಜಾಸ್ತಿಯಾದರೆ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ ತೆಗೆಯಿರಿ. ಒರೆಸಿದಲ್ಲಿ ನೆಲದ ಬಣ್ಣ ಕಂಡು ತಾನೇ ಬೆಳಕಾಗುತ್ತದೆ. ಈ ಹಂತದಲ್ಲಿ ಬಿಳಿ ಬೇಡ.

ಆಮೇಲೆ ನಡು ಟೋನ್‌ಗಳು. ಬೆಳಕಿನಿಂದ ನೆರಳಿಗೆ ತಿರುಗುವ ಜಾಗ ಎಲ್ಲೆಲ್ಲಿ ಅಗಲ, ಎಲ್ಲೆಲ್ಲಿ ಕಿರಿದು ಎಂದು ನೋಡಿ. ಕೆನ್ನೆಯಲ್ಲಿ ಅದು ನಿಧಾನಕ್ಕೆ ತಿರುಗುತ್ತದೆ. ಮೂಗಿನ ಹೊಳ್ಳೆಯ ಕೆಳಗೆ ಚಕ್ಕನೆ ತಿರುಗುತ್ತದೆ. ಗುಂಡಗಿರುವುದು ನಿಧಾನ, ಮೂಳೆ-ಮಡಿಕೆ ಇರುವಲ್ಲಿ ಬೇಗ. ಈ ಒಂದು ವಿಷಯ ಕೈಗೆ ಬಂದರೆ ಯಾವ ಮುಖವನ್ನಾದರೂ ಬರೆಯಬಹುದು.

ಮುಗಿದ ಮೇಲೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು, ಪ್ರಿಂಟಿನ ಫೋಟೋ ಪಕ್ಕ ಇಟ್ಟು ನೋಡಿ. ಹೆಚ್ಚಾಗಿ ಕಾಣುವ ತಪ್ಪು ಒಂದೇ: ನೆರಳು ಸಾಕಷ್ಟು ಗಾಢ ಆಗಿರುವುದಿಲ್ಲ. ಹೆದರದೆ ಇನ್ನೊಂದು ಸಲ ಗಾಢ ಮಾಡಿ. ಅಂಬರ್ ಬೇಗ ಒಣಗುವ ಬಣ್ಣ. ಬೇಸಿಗೆಯಲ್ಲಿ ಎರಡು-ಮೂರು ದಿನ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ-ಮಲೆನಾಡಿನಲ್ಲಿ, ವಾರ ಬಿಡಿ. ಫ್ಯಾನ್ ಗಾಳಿ ಪರವಾಗಿಲ್ಲ, ಬಿಸಿಲಿಗೆ ಇಡಬೇಡಿ. ಕತ್ತಲ ಕೋಣೆಯಲ್ಲೂ ಬೇಡ, ಕತ್ತಲಲ್ಲಿ ಲಿನ್ಸೀಡ್ ಹಳದಿಗೆ ತಿರುಗುತ್ತದೆ.

ಹಂತ 5: ಬಣ್ಣ ಬೆರೆಸುವುದು

ಇಲ್ಲಿಂದ ಮುಂದೆ ಒಂದು ನಿಯಮ ಮರೆಯಬೇಡಿ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ. ಎಣ್ಣೆ ಜಾಸ್ತಿ ಇರುವ ಪದರ ನಿಧಾನಕ್ಕೆ ಒಣಗುತ್ತದೆ. ಅದು ಕೆಳಗಿದ್ದು, ಬೇಗ ಒಣಗುವುದು ಮೇಲಿದ್ದರೆ ಮೇಲಿನದು ಬಿರುಕು ಬಿಡುತ್ತದೆ. ಕಂದು ಹಂತದಲ್ಲಿ ಟರ್ಪಂಟೈನ್ ಮಾತ್ರ ಹಾಕಿದ್ದೀರಿ. ಈಗ ಎರಡು ಪಾಲು ಟರ್ಪಂಟೈನ್‌ಗೆ ಒಂದು ಪಾಲು ಲಿನ್ಸೀಡ್. ಕೊನೆಯ ಪದರಕ್ಕೆ ಸಮ ಸಮ.

ಬ್ರಶ್ ಹಿಡಿಯುವ ಮೊದಲು ಪ್ಯಾಲೆಟ್ಟಿನ ಮೇಲೆ ನೈಫ್‌ನಿಂದ ಮುಖದ ಬಣ್ಣಗಳ ಗುಡ್ಡೆ ಮಾಡಿಕೊಳ್ಳಿ:

ಬೆಳಕಿಗೆ: ಬಿಳಿ, ಅದಕ್ಕೆ ಸ್ವಲ್ಪ ಓಕರ್, ವರ್ಮಿಲಿಯನ್ ಚೂರೇ ಚೂರು.
ಕೆನ್ನೆಗೆ: ಅದೇ ಗುಡ್ಡೆಯ ಒಂದು ಭಾಗಕ್ಕೆ ಇನ್ನೊಂಚೂರು ವರ್ಮಿಲಿಯನ್.
ತಿರುಗುವ ಜಾಗಕ್ಕೆ: ಬಿಳಿ, ಓಕರ್, ಕಪ್ಪು. ಹಳದಿಗೆ ಕಪ್ಪು ಸೇರಿದರೆ ಮಬ್ಬು ಹಸಿರು ಬರುತ್ತದೆ, ಅದೇ ಬೇಕು.
ನೆರಳಿಗೆ: ಬರ್ನ್ಟ್ ಸಿಯೆನಾ, ರಾ ಅಂಬರ್, ಸ್ವಲ್ಪ ಓಕರ್. ಬಿಳಿ ಹೆಚ್ಚುಕಡಿಮೆ ಇಲ್ಲ.

ಬಣ್ಣ ಸರಿಯಿದೆಯಾ ಎಂದು ತಿಳಿಯಲು ಕಲರ್ ಪ್ರಿಂಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿ, ಅದರ ಮೇಲೆ ಒಂದು ಚುಕ್ಕೆ ಬಣ್ಣ ಇಡಿ. ಚುಕ್ಕೆ ಕಾಣದೆ ಕರಗಿ ಹೋದರೆ ಸರಿ. ಎದ್ದು ಕಂಡರೆ ಮೊದಲು ಕೇಳಿಕೊಳ್ಳಬೇಕಾದ್ದು, ಕಪ್ಪಾಯಿತಾ ಬೆಳ್ಳಗಾಯಿತಾ ಎಂದು. ಕೆಂಪಾ, ಹಳದಿಯಾ ಎನ್ನುವುದು ಆಮೇಲೆ.

ಕಪ್ಪು ಮಾಡಲು ಕಪ್ಪು, ಬೆಳ್ಳಗೆ ಮಾಡಲು ಬಿಳಿ ಹಾಕುವುದು ಎಲ್ಲರ ಅಭ್ಯಾಸ. ನೆರಳಿಗೆ ಬರೀ ಕಪ್ಪು ಸೇರಿಸಿದರೆ ಮುಖ ಮಸಿ ಮೆತ್ತಿದಂತಾಗುತ್ತದೆ, ಅಂಬರ್ ಬಳಸಿ. ಬೆಳಕಿಗೆ ಬಿಳಿ ಸೇರಿಸಿದಾಗ ಬಣ್ಣ ತಣ್ಣಗಾಗುತ್ತದೆ, ಜೊತೆಗೆ ಒಂಚೂರು ಓಕರ್ ಸೇರಿಸಿ.

ಹಂತ 6: ಹಿನ್ನೆಲೆ, ಆಮೇಲೆ ಮುಖ

ಹಿನ್ನೆಲೆಗೆ ಐವರಿ ಬ್ಲ್ಯಾಕ್, ರಾ ಅಂಬರ್, ಸ್ವಲ್ಪ ಅಲ್ಟ್ರಾಮರೀನ್. ಇವತ್ತು ಕಪ್ಪಾಗಿ ಕಾಣುವ ಈ ಜಾಗದಲ್ಲಿ ವರ್ಮೀರ್ ಬರೆದಿದ್ದದ್ದು ಹಸಿರು ಪರದೆ. ನೀಲಿ ಇಂಡಿಗೊ ಮತ್ತು ವೆಲ್ಡ್ ಎಂಬ ಗಿಡದ ಹಳದಿ ಸೇರಿಸಿ ಹಚ್ಚಿದ ಹಸಿರು ಕಾಲಕ್ರಮೇಣ ಕೆಟ್ಟು ಕಪ್ಪಾಯಿತು. 2018ರಲ್ಲಿ ಶುರುವಾದ ತಪಾಸಣೆಯಲ್ಲಿ ಪರದೆಯ ಮಡಿಕೆಗಳು ಕಂಡವು. ನೀವು ಇವತ್ತು ಕಾಣುವ ಹಾಗೆಯೇ ಬರೆಯಿರಿ. ನಮ್ಮ ಪ್ರಿಂಟ್ ತೋರಿಸುವುದು ಅದನ್ನೇ, ಊಹೆ ಸೇರಿಸಲು ಹೋದರೆ ಟೋನ್ ಕೆಡುತ್ತದೆ.

ಹಿನ್ನೆಲೆಯ ಬಣ್ಣ ಮುಖದ ಅಂಚಿನ ಹತ್ತಿರ ಹಸಿಯಿರುವಾಗಲೇ ಮುಖ ಶುರು ಮಾಡಿ. ಆಗ ಅಂಚು ಒಂದಕ್ಕೊಂದು ಬೆಸೆಯುತ್ತದೆ. ನೆರಳು, ತಿರುಗುವ ಜಾಗ, ಬೆಳಕು ಈ ಕ್ರಮದಲ್ಲಿ ಹೋಗಿ. ನೆರಳು ತೆಳ್ಳಗಿರಲಿ, ಬೆಳಕು ದಪ್ಪಗಿರಲಿ. ತುಂಡು ತುಂಡಾಗಿ ಬಣ್ಣ ಇಟ್ಟು, ಮುಖ ಪೂರ್ತಿ ಆವರಿಸಿದ ಮೇಲಷ್ಟೇ ಒಣ ಬ್ರಶ್ಶಿನಿಂದ ಹಗುರವಾಗಿ ಅಂಚು ಸವರಿ. ಒಂದೆರಡು ಸಲ ಸವರಿದರೆ ಸಾಕು, ಸವರುತ್ತಲೇ ಹೋದರೆ ಎಲ್ಲ ಟೋನ್ ಒಂದೇ ಆಗಿ ಮುಖ ಪ್ಲಾಸ್ಟಿಕ್ ಬೊಂಬೆ ಆಗುತ್ತದೆ. ಪ್ರತಿ ಸಲ ಬ್ರಶ್ ಒರೆಸಿಕೊಳ್ಳಿ.

ಮೂಗಿಗೆ ಬಂದಾಗ ನಿಂತು ನೋಡಿ. ಮೂಗಿನ ದಂಡೆಗೂ ಅದರ ಪಕ್ಕದ ಕೆನ್ನೆಗೂ ನಡುವೆ ವರ್ಮೀರ್ ಗೆರೆಯನ್ನೇ ಎಳೆದಿಲ್ಲ. ಎರಡೂ ಒಂದೇ ಟೋನ್, ಒಂದರೊಳಗೊಂದು ಸೇರಿಹೋಗಿವೆ. ಆದರೂ ನಮಗೆ ಮೂಗು ಸ್ಪಷ್ಟವಾಗಿ ಕಾಣುತ್ತದೆ. ಮೂಗಿಗೆ ಗೆರೆ ಇರಲೇಬೇಕು ಎಂದು ಕೈ ಹಟ ಹಿಡಿಯುತ್ತದೆ. ಅದಕ್ಕೆ ಗೆರೆ ಎಳೆಯಲು ಬಿಡಬೇಡಿ. ಕಾಣದ್ದನ್ನು ಬರೆಯದಿರುವ ಧೈರ್ಯ ಈ ಚಿತ್ರ ಕಲಿಸುವ ದೊಡ್ಡ ಪಾಠ. ಅದನ್ನು ಕಲಿಯಲೆಂದೇ ಇದನ್ನು ಎರಡನೇ ಸಲ ನಕಲು ಮಾಡಿದರೂ ತಪ್ಪಿಲ್ಲ.

ಕಣ್ಣಿನ ಬಿಳಿ ಬಿಳಿಯಲ್ಲ, ತಿಳಿ ಬೂದು. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ರೆಪ್ಪೆಕೂದಲು ಎಣಿಸಿ ಬರೆಯಬೇಡಿ. ಮೂಲದಲ್ಲಿ ಅವು ಇವೆಯಾದರೂ ಯಂತ್ರದಲ್ಲಿ ನೋಡಿದಾಗಷ್ಟೇ ಗೊತ್ತಾದವು. ತುಟಿಗೆ ವರ್ಮಿಲಿಯನ್, ನೆರಳಿನ ಕಡೆಗೆ ಕ್ರಿಮ್ಸನ್. ಹೊರ ಅಂಚು ಮೃದುವಾಗಿರಲಿ, ಲಿಪ್‌ಸ್ಟಿಕ್ ಗೆರೆಯ ಹಾಗೆ ಬೇಡ. ಬಾಯಿಯ ಮೂಲೆಯಲ್ಲಿ ಒಂದು ಪುಟ್ಟ ತಿಳಿ ಗುಲಾಬಿ ಚುಕ್ಕೆ ಇದೆ. 1994ರಲ್ಲಿ ಚಿತ್ರವನ್ನು ಶುಚಿ ಮಾಡಿದಾಗ ಹೊರಬಂದದ್ದು. ಅದನ್ನು ಇಟ್ಟ ಕೂಡಲೇ ತುಟಿ ತೇವವಾಗುತ್ತದೆ.

ಸುಸ್ತಾದಾಗ ನಿಲ್ಲಿಸಿ. ಅರ್ಧ ಒಣಗಿ ಅಂಟಂಟಾದ ಬಣ್ಣದ ಮೇಲೆ ತಿದ್ದಬೇಡಿ, ಕೆಳಗಿನದು ಕಿತ್ತು ಬರುತ್ತದೆ. ಪೂರ್ತಿ ಹಸಿ ಇರುವಾಗ ಅಥವಾ ಪೂರ್ತಿ ಒಣಗಿದ ಮೇಲೆ ತಿದ್ದಿ.

ಹಂತ 7: ರುಮಾಲು, ಅಂಗಿ, ಕಾಲರ್

ಅಂಗಿ ಸುಲಭ. ಓಕರ್, ಅಂಬರ್, ಬೆಳಕಿರುವಲ್ಲಿ ಸ್ವಲ್ಪ ಬಿಳಿ. ಮುಖದಷ್ಟು ನಯ ಮಾಡಬೇಡಿ, ಬ್ರಶ್ಶಿನ ಗುರುತು ಇರಲಿ. ಹಿಂದೆ ಇಳಿಬಿದ್ದ ಹಳದಿ ಬಟ್ಟೆಗೆ ಓಕರ್, ಲೆಮನ್ ಯೆಲ್ಲೋ, ಬಿಳಿ.

ನೀಲಿ ರುಮಾಲನ್ನು ಎರಡು ಸಲ ಬರೆಯಬೇಕು. ಮೊದಲು ಬೆಳಕಿಗೆ ಅಲ್ಟ್ರಾಮರೀನ್ ಮತ್ತು ಬಿಳಿ, ನೆರಳಿಗೆ ಅಲ್ಟ್ರಾಮರೀನ್ ಮತ್ತು ಕಪ್ಪು. ಕೊನೆಗೆ ಕಾಣಬೇಕಾದದ್ದಕ್ಕಿಂತ ಒಂದು ಟೋನ್ ಬೆಳ್ಳಗಿರಲಿ. ಒಂದು ವಾರ ಒಣಗಿಸಿ. ಆಮೇಲೆ ಬರೀ ಅಲ್ಟ್ರಾಮರೀನನ್ನು ಎಣ್ಣೆ-ಟರ್ಪಂಟೈನ್ ಸಮಪಾಲಿನಲ್ಲಿ ತೆಳು ಮಾಡಿ ಮೇಲೆ ಸವರಿ, ಜಾಸ್ತಿಯಾದದ್ದನ್ನು ಒರೆಸಿ. ಇದನ್ನು ಗ್ಲೇಜ್ ಎನ್ನುತ್ತಾರೆ, ಬಣ್ಣದ ಗಾಜಿನಂತಹ ಪಾರದರ್ಶಕ ಪದರ. ಬಿಳಿ ಬೆರೆಸಿದ ನೀಲಿಯಲ್ಲಿ ಸಿಗದ ಆಳ ಇದರಲ್ಲಿ ಬರುತ್ತದೆ. ಕೆಳಗಿನದು ಪೂರ್ತಿ ಒಣಗಿರದಿದ್ದರೆ ಗ್ಲೇಜ್ ಅದನ್ನು ಕದಡಿ ಕೆಸರು ಮಾಡುತ್ತದೆ. ಬೆರಳು ಒತ್ತಿ ನೋಡಿ, ಅಂಟದಿದ್ದರೆ ಮುಂದುವರಿಯಿರಿ.

ಕಾಲರ್ ದಪ್ಪ ಬಿಳಿಯಲ್ಲಿ ಕೆಲವೇ ಬೀಸು. ಅದರ ನೆರಳಿಗೆ ಬೂದು.

ಹಂತ 8: ಮುತ್ತು

ಎಲ್ಲ ಮುಗಿದು, ಕತ್ತಿನ ನೆರಳು ಒಣಗಿದ ಮೇಲೆ ಮುತ್ತು. ಅದಕ್ಕೆ ಗುಂಡಗಿನ ಗೆರೆ ಬೇಡ. ಕೊಂಡಿಯೂ ಬೇಡ, ಮೂಲದಲ್ಲೂ ಇಲ್ಲ. ಕೆಳಭಾಗದಲ್ಲಿ ಬಿಳಿ ಕಾಲರಿನ ಪ್ರತಿಬಿಂಬ: ತೆಳುವಾದ ಬೂದು-ಬಿಳಿ, ಅಂಚು ಕರಗಿದ್ದು. ಮೇಲೆ ಎಡಕ್ಕೆ ಕಿಟಕಿಯ ಮಿಂಚು: ದಪ್ಪ ಅಪ್ಪಟ ಬಿಳಿ, ಒಂದೇ ಸಲ ಇಟ್ಟು ಬ್ರಶ್ ಎತ್ತಿಬಿಡಿ. ಉಳಿದದ್ದೆಲ್ಲ ಕತ್ತಿನ ನೆರಳೇ. ಮಿಂಚು ಹೊಳೆಯದಿದ್ದರೆ ಮತ್ತಷ್ಟು ಬಿಳಿ ಹಾಕಬೇಡಿ. ಸುತ್ತಲಿನ ನೆರಳು ಸಾಕಷ್ಟು ಗಾಢವಾಗಿಲ್ಲ ಎಂದೇ ಅರ್ಥ.

ಮುಗಿದ ಮೇಲೆ

ಕ್ಯಾನ್ವಾಸಿನ ಹಿಂಭಾಗದಲ್ಲಿ 'ವರ್ಮೀರ್ ಕೃತಿಯ ನಕಲು' ಎಂದು ಬರೆದು ನಿಮ್ಮ ಹೆಸರು, ತಾರೀಖು ಹಾಕಿ. ಮುಂಭಾಗದಲ್ಲಿ ವರ್ಮೀರ್ ಸಹಿಯನ್ನು ನಕಲು ಮಾಡಬೇಡಿ. ಕಪ್ಪು ಜಾಗಗಳು ಒಣಗಿ ಮಂಕಾಗಿ ಕಂಡರೆ ಗಾಬರಿ ಬೇಡ, ಎಣ್ಣೆ ಕೆಳಗೆ ಇಳಿದಿರುತ್ತದೆ. ವಾರ್ನಿಶ್ ಹಚ್ಚಿದಾಗ ಸರಿಹೋಗುತ್ತದೆ. ಆದರೆ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಿರಿ, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಬಣ್ಣ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಹಿಂದೆ ಬೂಷ್ಟು ಹಿಡಿಯುತ್ತದೆ, ಗಾಳಿ ಆಡಲು ಜಾಗ ಬಿಡಿ.

ಎರಡನೇ ನಕಲಿಗೆ ನಮ್ಮ ಮೈಬಣ್ಣದ ಮುಖ ಆರಿಸಿ. ರಾಜಾ ರವಿವರ್ಮ ಇದಕ್ಕೆ ಹೇಳಿ ಮಾಡಿಸಿದ ಕಲಾವಿದ. 1906ರಲ್ಲಿ ತೀರಿಕೊಂಡಿದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ಅವರೂ ತೈಲವರ್ಣ ಕಲಿತದ್ದು ಹೆಚ್ಚಾಗಿ ನೋಡಿಯೇ, ತಿರುವಾಂಕೂರು ಆಸ್ಥಾನಕ್ಕೆ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಕಲಾವಿದ ಚಿತ್ರ ಬರೆಯುವುದನ್ನು ಗಮನಿಸಿ. ಅವರ ಮೂಲ ತೈಲಚಿತ್ರಗಳು ಜಗನ್ಮೋಹನ ಅರಮನೆಯಲ್ಲೇ ಇವೆ. ಸಂಗೀತಗಾರ್ತಿಯರ ಗುಂಪಿನ ಚಿತ್ರವೂ ಅವುಗಳಲ್ಲಿ ಒಂದು. ಮೊದಲು ಹೋಗಿ ನೋಡಿ. ಬದಿಯಿಂದ ನೋಡಿ, ಎಲ್ಲಿ ಬಣ್ಣ ದಪ್ಪ, ಎಲ್ಲಿ ತೆಳು ಎಂದು ಪ್ರಿಂಟಿನಲ್ಲಿ ಗೊತ್ತಾಗುವುದಿಲ್ಲ. ಆ ಗುಂಪಿನಿಂದ ಒಂದೇ ಮುಖ ಆರಿಸಿ, ಅಷ್ಟನ್ನೇ ನಕಲು ಮಾಡಿ.

ಹಂತಗಳೆಲ್ಲ ಇವೇ, ಗುಡ್ಡೆಗಳು ಮಾತ್ರ ಬದಲು. ಬೆಳಕಿಗೆ ಓಕರ್ ಮತ್ತು ಬರ್ನ್ಟ್ ಸಿಯೆನಾ ಮುಖ್ಯ, ಬಿಳಿ ಅರ್ಧಕ್ಕಿಂತ ಕಡಿಮೆ. ನೆರಳಿಗೆ ಬರ್ನ್ಟ್ ಸಿಯೆನಾ, ಅಲ್ಟ್ರಾಮರೀನ್, ಒಂಚೂರು ಕ್ರಿಮ್ಸನ್. ಕಂದು ಚರ್ಮದ ಮೇಲೆ ಹಣೆ, ಮೂಗಿನ ತುದಿಯ ಮಿಂಚು ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ನೀಲಿಗೆ ವಾಲುತ್ತದೆ. ಅಲ್ಲಿ ಬಿಳಿಗೆ ಓಕರ್ ಬದಲು ಅಲ್ಟ್ರಾಮರೀನ್ ತುಸು ಸೇರಿಸಿ.